ಬೀಗಮ್ಮ ಥಾಲಿಯಂ ಚುಚ್ಚಿಸಿಕೊಂಡದ್ದು

ಹೃದಯದ ಡಾಕ್ಟರು ಚೀಟಿಯಲ್ಲಿ ಬರೆದ ಪದವನ್ನು ಬೀಗಮ್ಮ ಕನ್ನಡಕ ಏರಿಸಿ ಒಮ್ಮೆ, ಇಳಿಸಿ ಒಮ್ಮೆ ಓದಿದರು. ಆಮೇಲೆ ಚೀಟಿಯನ್ನು ನೀಟಾಗಿ ಮಡಚಿ, ಡಾಕ್ಟರ ಮೇಜಿನ ಮೇಲೇ ಇಟ್ಟು, ಅದು ಹಾರದಂತೆ ಅವರದೇ ಪೇಪರ್‌ವೇಟನ್ನು ಹೇರಿದರು.

"ಇದೊಂದು ಬೇಡ ಡಾಕ್ಟ್ರೇ. ಬೇರೆ ಏನು ಬೇಕಾದ್ರೂ ಮಾಡಿ."

"ಯಾವುದು ಬೇಡ?"

"ಥಾಲಿಯಂ."

ಡಾಕ್ಟರಿಗೆ ಮೊದಲು ಆಶ್ಚರ್ಯವಾದದ್ದು ತಮ್ಮ ಕೈಬರಹವನ್ನು ಒಬ್ಬರು ಓದಿಬಿಟ್ಟರಲ್ಲ ಎಂದು. ಔಷಧಿ ಅಂಗಡಿಯವರೇ ಫೋನು ಮಾಡಿ ಕೇಳುತ್ತಿದ್ದ ಅಕ್ಷರ ಅದು.

"ನಿಮಗೆ ಅದೇನು ಅಂತ ಗೊತ್ತಾ?"

"ಗೊತ್ತಾ ಅಂದ್ರೆ? ಮೂವತ್ತೊಂದು ವರ್ಷ ಅದಕ್ಕೆ ಕಾವಲು ಕೂತಿದ್ದೆ."

ಇದು ಬಡಾಯಿಯಲ್ಲ. ಬೀಗಮ್ಮ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಉಗ್ರಾಣ ನೋಡಿಕೊಳ್ಳುತ್ತಿದ್ದವರು. ಸೊಂಟದಲ್ಲಿ ಹದಿನಾಲ್ಕು ಕೀಲಿಗಳ ಗೊಂಚಲು ಸದಾ ತೂಗುತ್ತಿದ್ದುದರಿಂದ ಯಾವುದೋ ಬ್ಯಾಚಿನ ಹುಡುಗಿಯರು ಇಟ್ಟ ಹೆಸರು ಅದು. ಎಷ್ಟು ಅಂಟಿಕೊಂಡಿತೆಂದರೆ ಅಂಚೆಯವನು, ಬೀದಿಯವರು, ಕೊನೆಗೆ ಕಟ್ಟಿಕೊಂಡ ಗಂಡನೂ ಹಾಗೆಯೇ ಕರೆಯತೊಡಗಿದರು. ಮಗಳ ಮದುವೆಯಲ್ಲಿ ಯಜಮಾನರು, "ನಮ್ಮ ಬೀಗಮ್ಮ ಇವತ್ತಿಂದ ಬೀಗಿತ್ತಿ ಕಣ್ರೀ" ಎಂದು ಬಂದವರಿಗೆಲ್ಲ ಹೇಳಿ, ತಮ್ಮ ಜೋಕಿಗೆ ತಾವೇ ಮೊದಲು ನಕ್ಕಿದ್ದರು.

ಆ ಹದಿನಾಲ್ಕರಲ್ಲಿ ತೀರಾ ಚಿಕ್ಕ ಕೀಲಿ ವಿಷದ ಬೀರುವಿನದು. ಅದರ ಕೆಳಗಿನ ಅರೆಯಲ್ಲಿ, ಎಣ್ಣೆ ತುಂಬಿದ ಗಾಜಿನ ಕೊಳವೆಯೊಳಗೆ, ಕಿರುಬೆರಳಷ್ಟು ಉದ್ದದ ಒಂದು ಬೂದು ಕಡ್ಡಿ ಮಲಗಿತ್ತು. ಅದೇ ಥಾಲಿಯಂ. ಮೂಲವಸ್ತುಗಳ ಪಟ್ಟಿಯಲ್ಲಿ ಎಂಬತ್ತೊಂದನೆಯದು. ಒಂದು ಬದಿಗೆ ಪಾದರಸ, ಇನ್ನೊಂದು ಬದಿಗೆ ಸೀಸ. ವರ್ಷಕ್ಕೊಮ್ಮೆ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ತೋರಿಸಲು ಪ್ರೊಫೆಸರು ಅದನ್ನು ಕೇಳುವರು. ಬೀಗಮ್ಮ ಒಂದರ ಮೇಲೊಂದು ಎರಡು ಜೊತೆ ಕೈಗವಸು ತೊಟ್ಟು, ವಿಷಗಾಳಿ ಹೀರುವ ಹೊಗೆಗೂಡಿನ ಗಾಜಿನ ಹಿಂದೆ ಅದನ್ನು ಇಟ್ಟುಕೊಡುವರು. ಚಾಕು ಹಾಕಿದರೆ ತಣ್ಣನೆಯ ಬೆಣ್ಣೆ ಕತ್ತರಿಸಿದ ಹಾಗೆ ಸಲೀಸಾಗಿ ತುಂಡಾಗುತ್ತಿತ್ತು. ಕತ್ತರಿಸಿದ ಜಾಗ ಬೆಳ್ಳಿಯಂತೆ ಫಳ್ಳನೆ ಹೊಳೆದು, ಗಾಳಿ ತಾಗಿದ್ದೇ ತಡ, ನೋಡನೋಡುತ್ತಿದ್ದಂತೆ ಮಂಕಾಗಿ ನೀಲಿ ಬೆರೆತ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಕಡ್ಡಿ ಅಷ್ಟೇ ಇದ್ದರೂ ಭಾರ ಮಾತ್ರ ಸೀಸಕ್ಕಿಂತ ಒಂದು ಕೈ ಮೇಲು.

"ಇದರ ಲವಣಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ," ಎಂದು ಪ್ರೊಫೆಸರು ಪ್ರತಿ ವರ್ಷವೂ ಅದೇ ಮಾತು ಹೇಳುವರು. "ಒಂದು ಚಿಟಿಕೆ ಒಳಗೆ ಹೋದ್ರೆ ಮೊದಲು ಕೂದಲು ಹೋಗುತ್ತೆ. ಆಮೇಲೆ ಕೂದಲಿನ ಮಾಲೀಕರು ಹೋಗ್ತಾರೆ."

ಮಕ್ಕಳು ನಗುವರು. ಬೀಗಮ್ಮ ನಗುತ್ತಿರಲಿಲ್ಲ. ಅವರು ಕಾಯುತ್ತಿದ್ದುದು ಮುಂದಿನದಕ್ಕೆ. ಪ್ರೊಫೆಸರು ತಂತಿಯ ತುದಿಗೆ ಆ ಲವಣದ ದ್ರಾವಣವನ್ನು ಸೋಕಿಸಿ ಉರಿಗೆ ಹಿಡಿದರೆ ಇಡೀ ಜ್ವಾಲೆ ಹಸಿರಾಗುತ್ತಿತ್ತು. ಎಂಥ ಹಸಿರು! ಆಗತಾನೆ ಒಡೆದ ಚಿಗುರಿನದು. ಆ ಲೋಹದ ಹೆಸರಿನ ಅರ್ಥವೂ ಗ್ರೀಕರ ನುಡಿಯಲ್ಲಿ ಹಸಿರು ಚಿಗುರು ಎಂದೇ. ಬೆಳಕನ್ನು ಬಿಡಿಸಿ ತೋರಿಸುವ ಕೊಳವೆಯಲ್ಲಿ ಕಣ್ಣಿಟ್ಟರೆ ಕತ್ತಲ ನಡುವೆ ಒಂದೇ ಒಂದು ಹಸಿರು ಗೆರೆ, ಯಾರೋ ಬ್ಲೇಡಿನಿಂದ ಸೀಳಿದ ಹಾಗೆ. ವಿದ್ಯಾರ್ಥಿಗಳೆಲ್ಲ ನೋಡಿ ಹೋದ ಮೇಲೆ ಬೀಗಮ್ಮನೂ ಒಮ್ಮೆ ಕಣ್ಣಿಡುವರು. ಆಮೇಲೆ ಕಡ್ಡಿಯಿದ್ದ ಗಾಜಿನ ಕೊಳವೆಯನ್ನು ಒರೆಸಿ, ಒಳಗಿಟ್ಟು, ಬೀಗ ಹಾಕಿ, ಬೀಗವನ್ನು ಎರಡು ಸಲ ಎಳೆದು ನೋಡುವರು.

ಅವರು ನಿವೃತ್ತರಾದ ವರ್ಷ, ಇಂಥದ್ದನ್ನೆಲ್ಲ ಇಟ್ಟುಕೊಳ್ಳುವುದು ಬೇಡವೆಂದು ಕಾಲೇಜಿನವರು ತೀರ್ಮಾನಿಸಿದರು. ದಪ್ಪ ಪೆಟ್ಟಿಗೆ ಹಿಡಿದು ಇಬ್ಬರು ಬಂದು ಕಡ್ಡಿಯನ್ನು ಒಯ್ದರು. ಬೀಗಮ್ಮ ಸಹಿ ಹಾಕಿ, ಪೀಡೆ ತೊಲಗಿತು ಎಂದು ನಿಟ್ಟುಸಿರು ಬಿಟ್ಟಿದ್ದರು. ಈಗ ಆರು ವರ್ಷದ ನಂತರ ಅದೇ ಪೀಡೆ ಡಾಕ್ಟರ ಚೀಟಿ ಹತ್ತಿ ಬಂದಿತ್ತು.

ಚೀಟಿಗೆ ಕಾರಣ ಒಂದು ಹಲಗೆ. ಬೀಗಮ್ಮನ ಮಗಳು ಬಡಗಿ. ಮನೆಯ ನೆಲಮಹಡಿಯ ಮುಂದಿನ ಭಾಗವೇ ಅವಳ ಕಾರ್ಖಾನೆ. ಹಿಂದೆ ಅಪ್ಪ ಅಮ್ಮ, ಮೇಲೆ ಅವಳೂ ಅವಳ ಗಂಡನೂ. ಚೊಚ್ಚಲ ಬಸುರಿ, ಎಂಟು ತಿಂಗಳು ತುಂಬಿತ್ತು. ತನ್ನ ಮಗುವಿನ ತೊಟ್ಟಿಲನ್ನು ತಾನೇ ಮಾಡುತ್ತೇನೆಂದು ಹಟ ಹಿಡಿದು ಕೂತಿದ್ದಳು. ಅವಳು ಭಾರ ಎತ್ತಬಾರದೆಂದು ಬೀಗಮ್ಮ ಒಂದು ಬೀಟೆ ಹಲಗೆಯನ್ನು ಎತ್ತಿಕೊಡಲು ಹೋಗಿ, ಎದೆಯನ್ನು ಯಾರೋ ಹಗ್ಗ ಸುತ್ತಿ ಬಿಗಿದಂತಾಗಿ, ಮರದ ಪುಡಿಯ ರಾಶಿಯ ಮೇಲೆ ಕೂತುಬಿಟ್ಟಿದ್ದರು. ಐದು ನಿಮಿಷಕ್ಕೆ ಸರಿಹೋಯಿತು. ಆದರೆ ಅದಕ್ಕೆ ಮುಂಚೆ ಮೆಟ್ಟಿಲು ಹತ್ತುವಾಗಲೂ ಎರಡು ಸಲ ಹಾಗೆಯೇ ಆಗಿತ್ತೆಂಬ ಗುಟ್ಟು ಹೊರಬಿತ್ತು.

"ನೋಡಿ," ಡಾಕ್ಟರು ಹೇಳಿದರು. "ನಿಮ್ಮ ಹೃದಯದ ಮಾಂಸಖಂಡಕ್ಕೆ ಎಲ್ಲಾ ಕಡೆ ರಕ್ತ ಹೋಗ್ತಿದೆಯಾ ಅಂತ ಚಿತ್ರ ತೆಗೀಬೇಕು. ಅದಕ್ಕೆ ಇನ್ನೊಂದು ಔಷಧಿ ಇತ್ತು, ಈ ತಿಂಗಳು ಅದು ಬಂದಿಲ್ಲ. ಇದೂ ಒಳ್ಳೇದೇ. ನಲವತ್ತು ವರ್ಷಕ್ಕಿಂತ ಹೆಚ್ಚಾಯ್ತು, ಎಲ್ಲಾ ಕಡೆ ಕೊಡ್ತಾರೆ."

"ನಿಮ್ಮ ಆಸ್ಪತ್ರೇಲಿ ಪ್ರಷ್ಯನ್ ನೀಲಿ ಇದೆಯಾ?"

"ಏನದು?"

"ಬಣ್ಣ. ಚಿತ್ರ ಬರೆಯೋರು ಬಳಸೋ ಗಾಢ ನೀಲಿ. ಥಾಲಿಯಂಗೆ ಪ್ರತಿವಿಷ ಅದೊಂದೇ. ಕರುಳಲ್ಲಿ ಅದನ್ನ ಹಿಡಿದು ಹೊರಗೆ ಒಯ್ಯುತ್ತೆ."

ಡಾಕ್ಟರು ನೆಲಮಾಳಿಗೆಯ ಸ್ಕ್ಯಾನ್ ವಿಭಾಗಕ್ಕೆ ಫೋನು ಮಾಡಿದರು. "ಇದೆಯಂತೆ," ಎಂದರು.

"ಎಲ್ಲಿದೆಯಂತೆ?"

"ಬೀರುವಿನಲ್ಲಿದೆಯಂತೆ."

"ಬೀರುವಿಗೆ ಬೀಗ ಹಾಕಿದ್ದಾರಂತಾ?"

ಡಾಕ್ಟರು ಫೋನನ್ನು ಕೆಳಗಿಟ್ಟು, "ಅಮ್ಮಾ, ನೀವೇ ಒಂದು ಸಲ ಕೆಳಗೆ ಹೋಗಿ ಅವರ ಹತ್ರ ಮಾತಾಡಿ. ನಿಮ್ಮ ಪರೀಕ್ಷೇಲಿ ನಾನು ಪಾಸಾಗಲ್ಲ," ಎಂದು ಕೈಮುಗಿದರು.

ಬೀಗಮ್ಮ ಅಂದು ಕೆಳಗೆ ಹೋಗಲಿಲ್ಲ. ಮನೆಗೆ ಬಂದು, "ನನಗೇನೂ ಆಗಿಲ್ಲ, ಹಲಗೆ ಭಾರ ಇತ್ತು," ಎಂದರು.

ಯಜಮಾನರು ಮೂವತ್ತು ವರ್ಷ ಬಸ್ಸು ಓಡಿಸಿದವರು. ಅವರಿಗೆ ಲೋಕದ ಯಾವ ವಿಷಯವೂ ಬಸ್ಸಿನ ಮೂಲಕವೇ ಅರ್ಥವಾಗುತ್ತಿತ್ತು. "ಇಂಜಿನ್ನು ಏರಿನಲ್ಲಿ ಕೆಮ್ಮಿದ್ರೆ ಡಿಪೋಗೆ ಹಾಕ್ಬೇಕು ಕಣೇ. ಇಳಿಜಾರಲ್ಲಿ ಚೆನ್ನಾಗಿ ಓಡ್ತಿದೆ ಅಂತ ಸುಮ್ನಿರೋಕಾಗುತ್ತಾ?"

"ಡಿಪೋದಲ್ಲಿ ಡೀಸೆಲ್ ಬದಲು ವಿಷ ಹಾಕ್ತೀನಿ ಅಂತಿದ್ದಾರೆ."

ಮಗಳು ಉಜ್ಜುಕಾಗದ ಕೆಳಗಿಟ್ಟು, ಹೊಟ್ಟೆಯ ಮೇಲೆ ಕೂತಿದ್ದ ಮರದ ಪುಡಿಯನ್ನು ಊದಿ, ಮೆತ್ತಗೆ ಹೇಳಿದಳು. "ಅಮ್ಮಾ, ನಿನಗೆ ಹೆದರಿಕೆ ಥಾಲಿಯಂದಾ, ಇಲ್ಲಾ ಚಿತ್ರದಲ್ಲಿ ಏನು ಕಾಣುತ್ತೋ ಅಂತಾನಾ?"

ಬೀಗಮ್ಮ ಒಳಗೆ ಹೋಗಿ ಒಂದು ಹಾಳೆ ತೆಗೆದುಕೊಂಡು ಪ್ರಶ್ನೆಗಳನ್ನು ಬರೆಯತೊಡಗಿದರು. ಹನ್ನೊಂದಾದವು.

ನೆಲಮಾಳಿಗೆಯ ವಿಭಾಗ ನೋಡಿಕೊಳ್ಳುತ್ತಿದ್ದಾಕೆ ನಲವತ್ತು ದಾಟಿದ, ದಪ್ಪ ಜಡೆಯ, ಎರಡು ಕೋಣೆಯಾಚೆಗೂ ಕೇಳುವ ನಗುವಿನ ಹೆಂಗಸು. ರೋಗಿಗಳು ಅವರನ್ನು ಸ್ಕ್ಯಾನ್ ಮೇಡಂ ಎನ್ನುತ್ತಿದ್ದರು. ಹನ್ನೊಂದು ಪ್ರಶ್ನೆಗಳ ಹಾಳೆ ಕಂಡು ಅವರಿಗೆ ಹಬ್ಬವಾಯಿತು. ತಮ್ಮ ಕೆಲಸದ ಬಗ್ಗೆ ಇದುವರೆಗೆ ಯಾರೂ, "ಎಷ್ಟು ಹೊತ್ತಾಗುತ್ತೆ?" ಎನ್ನುವುದರ ಹೊರತು ಏನನ್ನೂ ಕೇಳಿರಲಿಲ್ಲ.

"ಮೊದಲನೇದು," ಬೀಗಮ್ಮ ಓದಿದರು. "ಇಷ್ಟೆಲ್ಲಾ ಇರುವಾಗ ಹೃದಯ ಈ ಹಾಳು ವಸ್ತುವನ್ನ ಯಾಕೆ ಒಳಗೆ ಬಿಟ್ಕೊಳ್ಳುತ್ತೆ?"

"ಪೊಟ್ಯಾಸಿಯಂ ಅಂತ ತಿಳ್ಕೊಂಡು. ಹೃದಯದ ಸ್ನಾಯುಗೆ ಪೊಟ್ಯಾಸಿಯಂ ಯಾವಾಗ್ಲೂ ಬೇಕು. ಈ ಥಾಲಿಯಂ ಗಾತ್ರದಲ್ಲಿ, ನಡವಳಿಕೆಯಲ್ಲಿ ಹೆಚ್ಚು ಕಮ್ಮಿ ಅದರ ಹಾಗೇ. ಬಾಗಿಲಲ್ಲಿ ನಿಂತ್ರೆ ದೇಹಕ್ಕೆ ವ್ಯತ್ಯಾಸ ಗೊತ್ತಾಗಲ್ಲ."

"ಡೂಪ್ಲಿಕೇಟ್ ಕೀಲಿ!" ಬೀಗಮ್ಮ ಕುರ್ಚಿಯ ತುದಿಗೆ ಬಂದರು.

"ಅದೇ! ವಿಷ ಆಗೋದೂ ಹಾಗೇನೇ. ಜಾಸ್ತಿ ಹೋದ್ರೆ ಪೊಟ್ಯಾಸಿಯಂ ಮಾಡೋ ಕೆಲಸನೆಲ್ಲ ಕೆಡಿಸುತ್ತೆ. ನಾವು ಕೊಡೋದು ಕೆಡಿಸೋಕೆ ಸಾಲಲ್ಲ. ಒಳಗೆ ಹೋಗಿ, ಇಲ್ಲಿದೀನಿ ಅಂತ ಒಂದು ಮಿಣುಕು ಬೆಳಕು ಕಳಿಸುತ್ತೆ. ರಕ್ತ ಹೋದ ಕಡೆ ಬೆಳಕು, ಹೋಗದ ಕಡೆ ಕತ್ತಲೆ. ನಮ್ಮ ಕ್ಯಾಮೆರಾ ಅದನ್ನ ಹಿಡಿಯುತ್ತೆ."

"ಸಾಲಲ್ಲ ಅಂದ್ರೆ? ತೂಕ ಎಷ್ಟು?"

ಸ್ಕ್ಯಾನ್ ಮೇಡಂ ತಡವರಿಸಿದರು. ಔಷಧಿಯನ್ನು ಅವರು ಯಾವಾಗಲೂ ವಿಕಿರಣದ ಲೆಕ್ಕದಲ್ಲಿ ಅಳೆಯುತ್ತಿದ್ದರೇ ಹೊರತು ತೂಕದಲ್ಲಲ್ಲ. "ಇರಿ, ಮಾಡೇಬಿಡೋಣ," ಎಂದು ಕಾಗದ ಎಳೆದುಕೊಂಡರು. ಎಪ್ಪತ್ತಮೂರು ಗಂಟೆಗೆ ಅರ್ಧವಾಗುವ ವಸ್ತು. ಒಂದು ಸೆಕೆಂಡಿಗೆ ಇಷ್ಟು ಕಣ ಒಡೆಯಬೇಕಾದರೆ ಒಟ್ಟು ಇಷ್ಟಿರಬೇಕು. ಅಷ್ಟು ಕಣದ ತೂಕ ಇಷ್ಟು. ಇಬ್ಬರೂ ತಲೆಗೆ ತಲೆ ತಾಗಿಸಿ ಸೊನ್ನೆಗಳನ್ನು ಎಣಿಸಿದರು. ಬೀಗಮ್ಮ ಒಂದು ಸೊನ್ನೆ ಹೆಚ್ಚಾಗಿದೆಯೆಂದು ತಗಾದೆ ತೆಗೆದರು, ಮತ್ತೆ ಮಾಡಿದರು, ಹೆಚ್ಚಾಗಿರಲಿಲ್ಲ. ಒಂದು ಗ್ರಾಮನ್ನು ಎಂಟು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು.

ಬೀಗಮ್ಮ ಪೆನ್ನು ಕೆಳಗಿಟ್ಟರು. "ನಮ್ಮ ಕಾಲೇಜಿನ ಅತಿ ಸೂಕ್ಷ್ಮದ ತಕ್ಕಡಿ ಮೇಲೆ ಇಟ್ಟಿದ್ರೂ ಮುಳ್ಳು ಅಲ್ಲಾಡ್ತಿರಲಿಲ್ಲ."

"ಕೂದಲೂ ಅಲ್ಲಾಡಲ್ಲ," ಎಂದು ಸ್ಕ್ಯಾನ್ ಮೇಡಂ ನಕ್ಕರು. ನಗು ಕಾರಿಡಾರಿನ ಕೊನೆ ಮುಟ್ಟಿ ವಾಪಸು ಬಂತು.

ಹನ್ನೊಂದನೆಯ ಪ್ರಶ್ನೆ ಮುಗಿದ ಮೇಲೆ ಸ್ಕ್ಯಾನ್ ಮೇಡಂ ಸರದಿ. "ಈಗ ನಂದೊಂದು ಪ್ರಶ್ನೆ. ಮನೇಲಿ ಬಸುರಿ, ಬಾಣಂತಿ, ಎಳೆ ಮಗು ಯಾರಾದ್ರೂ ಇದ್ದಾರಾ? ಚುಚ್ಚಿದ ಮೇಲೆ ಮೂರು ದಿನ ಅವರ ಹತ್ರ ಕೂರೋದು, ಮಗು ಎತ್ತಿಕೊಳ್ಳೋದು ಮಾಡಬಾರದು. ಮೈಯಿಂದ ಸ್ವಲ್ಪ ವಿಕಿರಣ ಬರ್ತಿರುತ್ತೆ. ಅಪಾಯ ಅಂತಲ್ಲ, ತಪ್ಪಿಸೋಕೆ ಆಗುವಾಗ ಸುಮ್ನೆ ಯಾಕೆ ಅಂತ ನಮ್ಮಲ್ಲೊಂದು ನಿಯಮ."

"ಮಗಳು ಬಸುರಿ. ದಿನ ತುಂಬೋಕೆ ಇನ್ನೂ ಮೂರು ವಾರ ಇದೆ."

"ಹಾಗಾದ್ರೆ ಮಂಗಳವಾರನೇ ಮುಗಿಸಿಬಿಡೋಣ. ಮೊಮ್ಮಗು ಬರೋ ಹೊತ್ತಿಗೆ ನೀವು ಮಾಮೂಲಿ ಅಜ್ಜಿ."

ಬೀಗಮ್ಮ ಒಪ್ಪಿಗೆ ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿ, ಥಾಲಿಯಂ ಎಂಬ ಪದದಲ್ಲಿ ಬಿಟ್ಟುಹೋಗಿದ್ದ ಒಂದು ಅಕ್ಷರವನ್ನು ತಿದ್ದಿ, ಸಹಿ ಹಾಕಿದರು.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಬೀಗಮ್ಮ ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಿಂತಿದ್ದರು. ಎದೆಗೆ ತಂತಿಗಳು, ಕಾಲಿಗೆ ಮಗಳ ಕ್ಯಾನ್ವಾಸ್ ಬೂಟು. ಪಕ್ಕದ ಮೇಜಿನ ಮೇಲೆ ಮುಷ್ಟಿಗಾತ್ರದ ಸೀಸದ ಡಬ್ಬಿ, ಅದರೊಳಗೆ ಸೂಜಿಮದ್ದು.

"ಸೀಸ ಎಂಬತ್ತೆರಡು, ಇದು ಎಂಬತ್ತೊಂದು," ಬೀಗಮ್ಮ ಗಂಡನಿಗೆ ವಿವರಿಸಿದರು. "ಪಕ್ಕದ ಮನೆಯವರನ್ನೇ ಕಾವಲಿಗೆ ಹಾಕಿದ್ದಾರೆ."

"ಮಾತು ಸಾಕು, ಬಂಡಿ ಹೊರಡ್ತು," ಎಂದರು ಯಜಮಾನರು. ಪಟ್ಟಿ ಓಡತೊಡಗಿತು, ಆಮೇಲೆ ಏರಾಯಿತು, ಇನ್ನೂ ಏರಾಯಿತು. ಅವರು ಪಕ್ಕದಲ್ಲಿ ನಿಂತು, "ಎರಡನೇ ಗೇರಿಗೆ ಬಾ… ಹಾಂ… ತಿರುವು ಬಂತು, ನಿಧಾನ…" ಎಂದು ಶುರುಮಾಡಿದಾಗ ಡಾಕ್ಟರು ಅವರನ್ನು ಹೊರಗೆ ಕೂರಿಸಿದರು. ಬೀಗಮ್ಮನ ಉಸಿರು ಮೇಲೆ ಬಂದು, ಎದೆಯಲ್ಲಿ ಹಗ್ಗ ಬಿಗಿಯತೊಡಗಿದ ಗಳಿಗೆಯಲ್ಲಿ ಸ್ಕ್ಯಾನ್ ಮೇಡಂ ಡಬ್ಬಿ ತೆರೆದು ತೋಳಿನ ನಳಿಕೆಗೆ ಮದ್ದು ಒತ್ತಿದರು. ಗಂಟೆ ಒಂಬತ್ತೂವರೆ.

ಬೀಗಮ್ಮ ಕಣ್ಣು ಮುಚ್ಚಿದರು. ಮೂವತ್ತೊಂದು ವರ್ಷ ಎರಡೆರಡು ಕೈಗವಸು ತೊಟ್ಟು ದೂರವಿಟ್ಟದ್ದು ಈಗ ರಕ್ತದಲ್ಲಿ ಓಡುತ್ತಿತ್ತು. ಉರಿ ಇಲ್ಲ, ತಣ್ಣಗಿಲ್ಲ, ಏನೂ ಇಲ್ಲ. ಅವರಿಗೆ ಒಂದು ತೆರನ ನಿರಾಸೆಯೇ ಆಯಿತು.

ತಕ್ಷಣ ಮಲಗಿಸಿ ಮೊದಲ ಚಿತ್ರ ತೆಗೆದರು. ಪರದೆಯ ಮೇಲೆ ಕುದುರೆಯ ಲಾಳದಂಥ ಹೊಳೆಯುವ ಆಕಾರ. ಅದರ ಒಂದು ಮೂಲೆಯಲ್ಲಿ ಇಲಿ ಕಚ್ಚಿದಂತೆ ಕತ್ತಲೆ. ಬೀಗಮ್ಮ ಅದನ್ನು ನೋಡಿದರು. ಬೀಗಮ್ಮ ನೋಡಿದ್ದನ್ನು ಸ್ಕ್ಯಾನ್ ಮೇಡಂ ನೋಡಿದರು.

"ಈಗಲೇ ಏನೂ ಅಂದ್ಕೋಬೇಡಿ. ನಾಲ್ಕು ಗಂಟೆ ಬಿಟ್ಟು ಇನ್ನೊಂದು ಚಿತ್ರ ಇದೆ. ಆ ಜಾಗ ಹಾಗೇ ಕಪ್ಪಾಗಿದ್ರೆ ಒಂದು ಅರ್ಥ, ತುಂಬಿಕೊಂಡ್ರೆ ಇನ್ನೊಂದು."

ನಾಲ್ಕು ಗಂಟೆ ಕಾಯಬೇಕಾದ ಬೆಂಚಿನಲ್ಲಿ ಕೂತು ಒಂದು ಗಂಟೆ ಕಳೆದಿರಲಿಲ್ಲ, ಯಜಮಾನರ ಫೋನು ಕಿರುಚಿತು. ಅಳಿಯ. ಅವನು ಬೇಕರಿಯವನು, ಎಂಥ ಸಂದರ್ಭದಲ್ಲೂ ತಣ್ಣಗಿರುವ ಮನುಷ್ಯ. ಈಗ ಅವನ ದನಿ ಫೋನಿನಾಚೆ ಬೆಂಚಿನ ಕೊನೆಯವರೆಗೂ ಕೇಳುತ್ತಿತ್ತು.

"ಮಾವಾ, ಶುರುವಾಯ್ತು! ತೊಟ್ಟಿಲಿಗೆ ಕೊನೇ ಮೊಳೆ ಹೊಡೀತಿದ್ಲು, ಸುತ್ತಿಗೆ ಕೆಳಗಿಟ್ಟು, ನೀರು ಹೋಯ್ತು ಅಂದ್ಲು! ಬ್ರೆಡ್ ವ್ಯಾನಲ್ಲಿ ಕರ್ಕೊಂಡು ಬರ್ತಿದೀನಿ!"

"ಇನ್ನೂ ಮೂರು ವಾರ ಇತ್ತಲ್ಲೋ!"

"ನನಗೆ ಹೇಳಿದ್ರೆ ಏನು ಬಂತು ಮಾವಾ, ಅದಕ್ಕೆ ಹೇಳಿ!"

ಹೆರಿಗೆ ವಿಭಾಗವೂ ಅದೇ ಆಸ್ಪತ್ರೆ, ಮೂರನೆಯ ಮಹಡಿ. ಬೀಗಮ್ಮ ಎದ್ದು ಎರಡೆರಡು ಮೆಟ್ಟಿಲು ಹತ್ತಹೋಗಿ, ಎದೆಯ ನೆನಪಾಗಿ ಒಂದೊಂದೇ ಹತ್ತಿ, ಮುಖ್ಯ ಬಾಗಿಲಿನ ಪಡಸಾಲೆಗೆ ಬರುವಷ್ಟರಲ್ಲಿ ಮಗಳನ್ನು ಗಾಲಿಕುರ್ಚಿಯಲ್ಲಿ ತರುತ್ತಿದ್ದರು. ತಲೆಕೂದಲಲ್ಲಿ ಮರದ ಪುಡಿ, ಕೈಯಲ್ಲಿ ಇನ್ನೂ ಅಳತೆಯ ಟೇಪು. ಅಮ್ಮನನ್ನು ಕಂಡು ಅವಳು ಎರಡೂ ಕೈ ಚಾಚಿದಳು.

ಬೀಗಮ್ಮ ಎದುರು ಗೋಡೆಗೆ ಹಲ್ಲಿಯಂತೆ ಅಂಟಿಕೊಂಡರು. "ಬರಬೇಡ! ಹತ್ರ ಬರಬೇಡ! ಆಚೆ ಕಡೆಯಿಂದ ಕರ್ಕೊಂಡು ಹೋಗಿ!"

ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಟೋಪಿ ತೊಟ್ಟ ಮುದುಕರೊಬ್ಬರು, "ಹೆತ್ತ ಮಗಳಿಗೆ ಹೀಗಾ?" ಎಂದು ಗೊಣಗಿದರು.

"ಅಮ್ಮಾ, ಹಾಕಿಬಿಟ್ರಾ?" ಮಗಳು ಕೂಗಿದಳು.

"ಒಂಬತ್ತೂವರೆಗೆ ಹಾಕಿದ್ರು ಕಣೇ! ಅದಕ್ಕೆ ಹತ್ತು ನಿಮಿಷ ಮುಂಚೆ ಹೇಳೋದಲ್ವಾ!"

ನೋವಿನ ನಡುವೆ ಮಗಳಿಗೆ ನಗು ಬಂತು. ಅವಳು ನಕ್ಕಳು, ನೋವು ಬಂತೆಂದು ಕುರ್ಚಿಯ ಕೈ ಹಿಡಿದಳು, ಮತ್ತೆ ನಕ್ಕಳು. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವಾಗಲೂ ಒಳಗಿಂದ ಅದು ನಗುವೋ ನರಳಾಟವೋ ತಿಳಿಯದ ಸದ್ದು ಬರುತ್ತಿತ್ತು. ಬೀಗಮ್ಮ ಗೋಡೆ ಬಿಟ್ಟು ಮುದುಕರತ್ತ ತಿರುಗಿ, "ನನ್ನ ಮೈಯಲ್ಲಿ ಥಾಲಿಯಂ ಇದೆ ಸ್ವಾಮಿ," ಎಂದು ವಿವರಣೆ ಕೊಟ್ಟರು. ಅವರು ಎರಡು ಕುರ್ಚಿ ಆಚೆ ಸರಿದು ಕೂತರು.

ಅಲ್ಲಿಂದ ಮುಂದೆ ಯಜಮಾನರು ನೆಲಮಾಳಿಗೆಗೂ ಮೂರನೆಯ ಮಹಡಿಗೂ ನಡುವೆ ಓಡಾಡುವ ಬಸ್ಸಾದರು. ಮೇಲಿನ ಸುದ್ದಿ ಕೆಳಗೆ, ಕೆಳಗಿನ ಪ್ರಶ್ನೆ ಮೇಲೆ. "ಎಲ್ಲಾ ಸರಿಯಾಗಿದೆಯಂತೆ." "ಅಳಿಯ ಎರಡು ಸಲ ಕೂತ್ಕೊಂಡ, ಒಂದು ಸಲ ಬಿದ್ದ." "ತೊಟ್ಟಿಲಿನ ಮೊಳೆ ಪೂರ್ತಿ ಹೋಗಿದೆಯಾ ನೋಡು ಅಂತ ಅಳಿಯನಿಗೆ ಹೇಳ್ತಿದಾಳೆ." ಒಂದೂವರೆಗೆ ಬೀಗಮ್ಮನ ಎರಡನೆಯ ಚಿತ್ರದ ಹೊತ್ತಾಯಿತು.

"ಇಪ್ಪತ್ತು ನಿಮಿಷ. ಅಲ್ಲಾಡಬಾರದು, ಮಾತಾಡಬಾರದು," ಎಂದರು ಸ್ಕ್ಯಾನ್ ಮೇಡಂ. "ಅಲ್ಲಾಡಿದ್ರೆ ಮೊದಲಿಂದ ಶುರು."

ಬೀಗಮ್ಮ ಎರಡೂ ಕೈಗಳನ್ನು ತಲೆಯ ಮೇಲೆ ಚಾಚಿ ಮಲಗಿದರು. ಕ್ಯಾಮೆರಾ ಎದೆಯ ಸುತ್ತ ಅಂಗುಲ ಅಂಗುಲವಾಗಿ ಸರಿಯತೊಡಗಿತು. ಅವರ ಕಣ್ಣಿಗೆ ಕಾಣುತ್ತಿದ್ದುದು ಚಾವಣಿಯ ಒಂದು ಚೌಕ ಮತ್ತು ಕೋಣೆಯ ಗಾಜಿನ ಕಿಟಕಿ. ಆ ಕಪ್ಪು ಮೂಲೆ ತುಂಬಿತೋ ಇಲ್ಲವೋ ಎಂದು ಯೋಚಿಸಬೇಕೆಂದುಕೊಂಡರೂ ಮನಸ್ಸು ಮೂರನೆಯ ಮಹಡಿಯಲ್ಲೇ ಇತ್ತು.

ಹದಿಮೂರನೆಯ ನಿಮಿಷಕ್ಕೆ ಗಾಜಿನಾಚೆ ಯಜಮಾನರು ಕಾಣಿಸಿಕೊಂಡರು. ಅಂಗಿ ಒಂದು ಕಡೆ ಹೊರಗೆ ಬಂದಿತ್ತು. ಕೂಗಿದರೂ ಕೇಳದು. ಅವರು ಎರಡು ಕೈಗಳನ್ನು ಸೇರಿಸಿ ತೊಟ್ಟಿಲಿನಂತೆ ತೂಗಿದರು. ಆಮೇಲೆ ಹೆಣ್ಣು ಎಂದು ತೋರಿಸಲು ಹೊರಟು, ಇಲ್ಲದ ಜಡೆಯನ್ನು ಹೆಣೆದರು, ಇಲ್ಲದ ಓಲೆಯನ್ನು ಕಿವಿಗೆ ಸಿಕ್ಕಿಸಿದರು. ತಮ್ಮ ಬೋಳುತಲೆಯ ಮೇಲೆ ಎರಡು ಅಂಗೈಗಳಿಂದ ಗುಡ್ಡದಷ್ಟು ಕೂದಲಿದೆ ಎಂದು ತೋರಿಸಿದರು. ಮಗಳು ಚೆನ್ನಾಗಿದ್ದಾಳೆ ಎಂದು ಹೆಬ್ಬೆರಳು ಎತ್ತಿದರು. ಕೊನೆಗೆ ತೋರಿಸಲು ಏನೂ ಉಳಿಯದೆ, ಗಾಜಿಗೆ ಹಣೆ ಹಚ್ಚಿ ಅತ್ತುಬಿಟ್ಟರು.

ಇನ್ನೂ ಏಳು ನಿಮಿಷವಿತ್ತು. ಬೀಗಮ್ಮ ಅಲ್ಲಾಡಲಿಲ್ಲ. ಹೊಟ್ಟೆಯೊಳಗಿಂದ ನಗು ಒದ್ದುಕೊಂಡು ಬರುತ್ತಿತ್ತು, ತುಟಿ ಕಚ್ಚಿ ಹಿಡಿದರು. ಕಣ್ಣಿಂದ ಮಾತ್ರ ನೀರು ಹರಿದು ಎರಡೂ ಕಿವಿಗಳಲ್ಲಿ ತುಂಬಿಕೊಂಡಿತು. ಆ ಏಳು ನಿಮಿಷಗಳಷ್ಟು ಉದ್ದದ ಕಾಲವನ್ನು ತಾವು ಬದುಕಿನಲ್ಲಿ ಕಂಡಿಲ್ಲ, ಅಷ್ಟು ಸುಖದ ಕಾಲವನ್ನೂ ಕಂಡಿಲ್ಲ ಎಂದು ಅವರು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದುಂಟು.

ಯಂತ್ರ ನಿಂತಿತು. "ಈಗ ಅಳಬಹುದು," ಎಂದು ಸ್ಕ್ಯಾನ್ ಮೇಡಂ ತಾವೇ ಮೂಗು ಒರೆಸಿಕೊಳ್ಳುತ್ತ ಬಂದರು. "ಅದಕ್ಕೆ ಮುಂಚೆ ಇಲ್ಲಿ ನೋಡಿ."

ಪರದೆಯ ಮೇಲೆ ಲಾಳ ಪೂರ್ತಿಯಾಗಿತ್ತು. ಇಲಿ ಕಚ್ಚಿದ್ದ ಮೂಲೆಯಲ್ಲಿ ಬೆಳಕು ತುಂಬಿಕೊಂಡಿತ್ತು.

ಸಂಜೆ ಡಾಕ್ಟರು ವಿವರಿಸಿದರು. "ಆ ಭಾಗ ಜೀವಂತವಾಗಿದೆ, ಗಟ್ಟಿಯಾಗಿದೆ. ಶ್ರಮ ಆದಾಗ ಮಾತ್ರ ಅಲ್ಲಿಗೆ ರಕ್ತ ಸಾಲ್ತಿಲ್ಲ. ಮಾತ್ರೆ ಕೊಡ್ತೀನಿ. ದಿನಾ ನಡೀರಿ. ಹಲಗೆ ಎತ್ತಬೇಡಿ."

"ಮೊಮ್ಮಗಳನ್ನ ಎತ್ತಬಹುದಾ?"

"ಹೃದಯದ ಕಡೆಯಿಂದ ಅಡ್ಡಿಯಿಲ್ಲ. ಥಾಲಿಯಂ ಕಡೆಯವರನ್ನ ಕೇಳಿ."

ಥಾಲಿಯಂ ಕಡೆಯವರು ಶುಕ್ರವಾರ ಬೆಳಗ್ಗೆ ಒಂಬತ್ತೂವರೆ ಎಂದರು. ಬಾಗಿಲಲ್ಲಿ ನಿಂತು ನೋಡಲು ಅಡ್ಡಿಯಿಲ್ಲ ಎಂದೂ ಹೇಳಿದರು. ಆದರೆ ನಿಯಮ ಎಂದರೆ ಬೀಗಮ್ಮನಿಗೆ ನಿಯಮವೇ. ಮಗಳ ಅಳತೆಯ ಟೇಪನ್ನು ಅಳಿಯನಿಂದ ತರಿಸಿಕೊಂಡು, ಕಾರಿಡಾರಿನಲ್ಲಿ ಬಾಗಿಲಿನಿಂದ ಮೂರು ಮೀಟರು ಅಳೆದು, ಅಲ್ಲಿ ಚಪ್ಪಲಿ ಬಿಟ್ಟು ಅದರಾಚೆ ನಿಂತರು. ಯಜಮಾನರು ಬಾಗಿಲಲ್ಲಿ ಮೊಮ್ಮಗಳನ್ನು ಎತ್ತಿ ಹಿಡಿದರು. ದೂರದಿಂದ ಕಂಡದ್ದು ಒಂದು ಬಿಳಿ ಗಂಟು ಮತ್ತು ಅದರ ತುದಿಗೆ ಕಪ್ಪು ಕೂದಲಿನ ಒಂದು ಪೊದೆ.

"ಮೂಗು ಹೇಗಿದೆ?"

"ಮೂಗಿನ ಹಾಗಿದೆ."

"ರೀ, ಸರಿಯಾಗಿ ಹೇಳಿ! ಯಾರ ಥರ?"

"ಈಗ ಯಾರ ಥರಾನೂ ಇಲ್ಲ ಕಣೇ. ಬೇಯಿಸಿದ ಆಲೂಗಡ್ಡೆ ಥರ ಇದೆ. ಆದ್ರೆ ಚೆಂದದ ಆಲೂಗಡ್ಡೆ."

ಗುರುವಾರ ತಾಯಿ ಮಗು ಮನೆಗೆ ಬಂದರು, ಮೇಲಿನ ಮಹಡಿಗೆ. ಬೀಗಮ್ಮ ಕೆಳಗೆ, ನಡುವೆ ಹದಿನೇಳು ಮೆಟ್ಟಿಲು. ಮಗು ಅತ್ತಾಗಲೆಲ್ಲ ಅವರು ಮೆಟ್ಟಿಲ ಬುಡಕ್ಕೆ ಬಂದು ನಿಂತು ಕತ್ತು ಎತ್ತುವರು. "ಹಸಿವಿನ ಅಳು ಅದು, ಹಾಲು ಕೊಡು!" "ಈಗಿನದು ಬಟ್ಟೆ ಒದ್ದೆ ಆಗಿರೋದು!" ಎಂದು ಕೆಳಗಿಂದಲೇ ತೀರ್ಪು ಕೊಡುವರು. ಹೆಚ್ಚಿನವು ತಪ್ಪಾಗಿರುತ್ತಿದ್ದವು. ಮಗಳು ಕಿಟಕಿಯಿಂದ ಬಗ್ಗಿ, "ನೀನು ಮೇಲೆ ಬರೋವರೆಗೆ ಇವಳಿಗೆ ಮಾತೇ ಬಂದುಬಿಡುತ್ತೆ, ಅವಳನ್ನೇ ಕೇಳು," ಎಂದು ಅಣಕಿಸುವಳು. ಯಜಮಾನರಂತೂ ದಿನಕ್ಕೆ ಇಪ್ಪತ್ತು ಸಲ ಮೇಲೆ ಹೋಗಿ, ಬಂದು, ಮಗುವಿನ ತಲೆಯ ವಾಸನೆ ಹೇಗಿದೆಯೆಂದು ಬಣ್ಣಿಸಿ ಹೆಂಡತಿಯ ಹೊಟ್ಟೆ ಉರಿಸಿದರು. "ನೀವು ಮೂರು ದಿನ ಮೊದಲೇ ಅಜ್ಜ ಆದ್ರಿ ಅಂತ ಇಷ್ಟು ಜಂಬ ಬೇಡ," ಎಂದು ಬೀಗಮ್ಮ ಬಾಗಿಲು ಹಾಕಿಕೊಂಡರೂ ಐದು ನಿಮಿಷಕ್ಕೆ ತೆರೆದು, "ಆಮೇಲೆ? ಕಣ್ಣು ಬಿಟ್ಟಿತಾ?" ಎನ್ನುವರು.

ಶುಕ್ರವಾರ ಒಂಬತ್ತಕ್ಕೇ ಅವರು ನೆಲಮಾಳಿಗೆಯಲ್ಲಿ ಹಾಜರು. ಕರೆದಿರಲಿಲ್ಲ.

"ಅಳೆದು ನೋಡಿ," ಎಂದರು.

ಸ್ಕ್ಯಾನ್ ಮೇಡಂ ಅಳೆಯುವ ಯಂತ್ರವನ್ನು ಎದೆಯ ಬಳಿ ಹಿಡಿದರು. ಅದು ಚಟಪಟ ಎಂದಿತು.

"ಇನ್ನೂ ಇದೆಯಲ್ಲ!" ಬೀಗಮ್ಮನ ಮುಖ ಇಳಿಯಿತು.

"ಇರುತ್ತೆ. ಅರ್ಧ ಹೋಗಿದೆ, ಅರ್ಧ ಇದೆ. ಇನ್ನು ಮೂರು ದಿನಕ್ಕೆ ಅರ್ಧದ ಅರ್ಧ. ಪೂರ್ತಿ ಹೋಗಲಿ ಅಂತ ಕೂತ್ರೆ ಮೊಮ್ಮಗಳ ಮದುವೆ ಆಗಿಹೋಗುತ್ತೆ. ನಿಯಮದ ಪ್ರಕಾರ ನೀವು ಈಗ ಎತ್ತಿಕೊಳ್ಳಬಹುದು. ಇವತ್ತು ಬೇಕಾದ್ರೆ ಹತ್ತು ಹತ್ತು ನಿಮಿಷ, ನಿಮ್ಮ ಸಮಾಧಾನಕ್ಕೆ."

"ಬರೆದುಕೊಡಿ."

ಸ್ಕ್ಯಾನ್ ಮೇಡಂ ನಗುತ್ತಲೇ ಆಸ್ಪತ್ರೆಯ ಹಾಳೆಯ ಮೇಲೆ ಬರೆದು, ಸಹಿ ಮಾಡಿ, ಮುದ್ರೆ ಒತ್ತಿಕೊಟ್ಟರು: ಈ ಪತ್ರ ಹೊಂದಿರುವ ಅಜ್ಜಿಗೆ ಮೊಮ್ಮಗಳನ್ನು ಎತ್ತಿಕೊಳ್ಳಲು ಅನುಮತಿ ನೀಡಲಾಗಿದೆ.

ಬೀಗಮ್ಮ ಹದಿನೇಳು ಮೆಟ್ಟಿಲನ್ನು ಡಾಕ್ಟರು ಹೇಳಿದಂತೆ ನಿಧಾನವಾಗಿ, ನಡುವೆ ಒಮ್ಮೆ ನಿಂತು, ಹತ್ತಿದರು. ಎದೆ ಬಿಗಿಯಲಿಲ್ಲ. ಕೈ ತೊಳೆದರು. ಕುರ್ಚಿಯಲ್ಲಿ ಕೂತು ಮಡಿಲು ಸರಿಮಾಡಿಕೊಂಡರು. ಅನುಮತಿ ಪತ್ರವನ್ನು ಮಗಳ ಕೈಗಿತ್ತರು. ಅವಳು ಗಂಭೀರವಾಗಿ ಓದಿ, "ಮುದ್ರೆ ಇದೆ, ಸರಿಯಾಗಿದೆ," ಎಂದು ಮಗುವನ್ನು ಎತ್ತಿಕೊಟ್ಟಳು.

ಎಷ್ಟು ಹಗುರ! ಬಾಟಲಿಗಳನ್ನು ಕೈಯಲ್ಲಿ ಹಿಡಿದೇ ತೂಕ ಹೇಳುತ್ತಿದ್ದ ಬೀಗಮ್ಮನಿಗೆ ಈ ತೂಕ ಅಂದಾಜಿಗೆ ಸಿಗಲಿಲ್ಲ. ಮೊಮ್ಮಗಳು ಹಣೆ ಸುಕ್ಕುಗಟ್ಟಿಸಿ, ಒಂದು ಕ್ಷಣ ಯೋಚಿಸಿ, ಅಜ್ಜಿಯ ಮುಖಕ್ಕೇ ಸರಿಯಾಗಿ ಸೀನಿದಳು. ಆಮೇಲೆ ಒಂದು ಕಣ್ಣು ಮಾತ್ರ ತೆರೆದು, ಏನಾಯಿತೆಂದು ನೋಡಿದಳು.

"ಹತ್ತು ನಿಮಿಷ ಆಯ್ತು," ಎಂದರು ಯಜಮಾನರು ಗಡಿಯಾರ ಹಿಡಿದು.

"ಇನ್ನೂ ಎರಡೂ ಆಗಿಲ್ಲ ಅಪ್ಪಾ," ಎಂದಳು ಮಗಳು.

ಅಷ್ಟರಲ್ಲಿ ಅಳಿಯ ತೋಳಿನ ತುಂಬ ಹಿಟ್ಟು ಮೆತ್ತಿಕೊಂಡು, ಬಿಸಿ ಬ್ರೆಡ್ಡಿನ ಬುಟ್ಟಿ ಹಿಡಿದು ಬಂದ. ಕೋಣೆಯೆಲ್ಲ ಅದರ ಘಮ ತುಂಬಿತು. ಬೀಗಮ್ಮ ಯಾರತ್ತಲೂ ತಿರುಗಲಿಲ್ಲ. ಮೊಮ್ಮಗಳ ಎರಡನೆಯ ಕಣ್ಣು ಈಗಷ್ಟೇ ತೆರೆಯುತ್ತಿತ್ತು.